ಯೂಟ್‌ನ ಹಿಂಭಾಗ ಕುಸಿಯುತ್ತಿದೆ, ಯಾವ ಏರ್‌ಬ್ಯಾಗ್ ಹಾಕಿಸಲಿ?

ಕ್ಯಾನೊಪಿ (ಹಿಂದಿನ ತೊಟ್ಟಿಯ ಮೇಲೆ ಕೂರಿಸುವ ಮುಚ್ಚಿದ ಗೂಡು) ಹಾಕಿಸಿದ ಮೇಲೆ ಕ್ಯಾರವಾನ್ (ಎಳೆದುಕೊಂಡು ಹೋಗುವ ಮನೆಗಾಡಿ) ಕಟ್ಟಿದರೆ ಯೂಟ್‌ನ, ಅಂದರೆ ಇಲ್ಲಿ ಆಸ್ಟ್ರೇಲಿಯಾದಲ್ಲಿ ಪಿಕಪ್ ಗಾಡಿಗೆ ಅನ್ನೋ ಹೆಸರು, ಅದರ ಹಿಂಭಾಗ ಕೂತುಬಿಡುತ್ತೆ, ಯಾವ ಏರ್‌ಬ್ಯಾಗ್ ಒಳ್ಳೆಯದು ಅಂತ ಕೇಳಿದ್ದೀರಿ. ಅಪಘಾತದಲ್ಲಿ ಉಬ್ಬುವ ಬ್ಯಾಗ್ ಅಲ್ಲ ಇದು, ಆಕ್ಸಲ್‌ಗೂ (ಚಕ್ರಗಳ ಅಚ್ಚು) ಚಾಸಿಗೂ (ಗಾಡಿಯ ಉಕ್ಕಿನ ಚೌಕಟ್ಟು) ನಡುವೆ ಕೂರುವ ರಬ್ಬರ್ ಬ್ಯಾಗ್. ಯಾವುದೂ ಬೇಡ. ನಾಲ್ಕು ವರ್ಷದ ಹಿಂದೆ ಅಡಿಲೇಡ್‌ನಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಅಂಗಡಿ ಅಂಗಡಿ ತಿರುಗಿದ್ದೆ.

ನನ್ನದು ಡ್ಯುಯಲ್ ಕ್ಯಾಬ್ (ಎರಡು ಸಾಲು ಸೀಟಿನ) ಯೂಟ್, ಸೆಕೆಂಡ್ ಹ್ಯಾಂಡ್. ಎರಡು ವರ್ಷದಲ್ಲಿ ಒಂದೊಂದಾಗಿ ಸಾಮಾನು ಸೇರಿಸಿದೆ. ಮುಂದೆ ಬುಲ್ ಬಾರ್ (ಡಿಕ್ಕಿ ತಡೆಯುವ ಉಕ್ಕಿನ ಚೌಕಟ್ಟು), ಸಿಕ್ಕಿಬಿದ್ದಾಗ ಎಳೆಯುವ ವಿಂಚ್. ಹಿಂದೆ ಸ್ಟೀಲ್ ಕ್ಯಾನೊಪಿ, ಅದರೊಳಗೆ ಡ್ರಾಯರ್, ಫ್ರಿಜ್, ಎರಡನೇ ಬ್ಯಾಟರಿ, 60 ಲೀಟರ್ ನೀರಿನ ಟ್ಯಾಂಕ್. ಬಾಲದ ತುದಿಗೆ ಸ್ಟೀಲ್ ಬಾರ್, ಅದಕ್ಕೆ ಎರಡು ಸ್ಟೆಪ್ನಿ. ಒಂದೊಂದೂ ಬೇಕಾದದ್ದೇ. ಒಟ್ಟು ಎಷ್ಟಾಯಿತು ಅಂತ ಮಾತ್ರ ನಾನು ಕೂಡಿಸಲಿಲ್ಲ, ಮಾರಿದವರೂ ಕೇಳಲಿಲ್ಲ.

ಹಿಂಭಾಗ ಕೂತಿತು. ಅಂಗಡಿಯವರು ಏರ್‌ಬ್ಯಾಗ್ ಹಾಕಿದರು. 35 ಪಿಎಸ್‌ಐ ಗಾಳಿ ತುಂಬಿದ ಕೂಡಲೇ ಬಾಲ ಎದ್ದು ಗಾಡಿ ನೆಟ್ಟಗಾಯಿತು. ಎಷ್ಟು ಖುಷಿಯಾಯಿತು ಅಂದರೆ ಫೋಟೋ ತೆಗೆದು ಹಾಸನದಲ್ಲಿರುವ ಅಣ್ಣನಿಗೆ ಕಳಿಸಿದೆ. ಅಲ್ಲೇ ತಪ್ಪಾದದ್ದು.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಇದು ಅರ್ಥವಾದರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥವಾಗುತ್ತೆ. ಯೂಟ್‌ನ ಹಿಂದೆ ಸಾಮಾನ್ಯವಾಗಿ ಇರೋದು ಲೀಫ್ ಸ್ಪ್ರಿಂಗ್, ನಮ್ಮೂರ ಲಾರಿಗಳಲ್ಲಿರುವಂಥದ್ದೇ. ಪ್ರತಿ ಬದಿಯಲ್ಲೂ ಅದು ಚಾಸಿಯನ್ನು ಎರಡು ಕಡೆ ಹಿಡಿದಿರುತ್ತೆ, ಆಕ್ಸಲ್‌ನ ಮುಂದೆ ಒಂದು, ಹಿಂದೆ ಒಂದು. ಹಿಂದಿನ ಹಿಡಿತ ಬಾಲದ ಹತ್ತಿರ ಇರುವುದರಿಂದ ಬಾಲದ ಭಾರಕ್ಕೆ ಅದೇ ಆಸರೆ. ಬ್ಯಾಗ್ ಕೂರೋದು ಈ ಎರಡರ ಮಧ್ಯೆ, ಆಕ್ಸಲ್‌ನ ನೇರ ಮೇಲೆ. ಗಟ್ಟಿಯಾಗಿ ಗಾಳಿ ತುಂಬಿದಷ್ಟೂ ಭಾರ ಸ್ಪ್ರಿಂಗ್‌ನ ತುದಿಗಳನ್ನು ಬಿಟ್ಟು ಆ ಒಂದೇ ಜಾಗಕ್ಕೆ ಬರುತ್ತೆ. ಬಾಲದಲ್ಲಿ ಸ್ಟೆಪ್ನಿ, ಬಾರ್, ಟ್ರೇಲರ್ ಎಲ್ಲ ಜೋತು ಬಿದ್ದಿರುತ್ತವೆ. ಕಬ್ಬನ್ನು ಮೊಣಕಾಲಿಗೆ ಕೊಟ್ಟು ಮುರಿಯುತ್ತೀವಲ್ಲ, ಹಾಗೆ. ಬ್ಯಾಗ್ ಮೊಣಕಾಲು, ಚಾಸಿ ಕಬ್ಬು.

ಜುಲೈ ರಜೆಯಲ್ಲಿ ಕ್ಯಾಂಪರ್ ಟ್ರೇಲರ್ ಕಟ್ಟಿಕೊಂಡು ಊಡ್ನಾಡಾಟ ಟ್ರ್ಯಾಕ್ ಅನ್ನೋ ಮರುಭೂಮಿಯ ಮಣ್ಣು ರಸ್ತೆಗೆ ಹೋದೆವು. ಮರೀಯಿಂದ ವಿಲಿಯಂ ಕ್ರೀಕ್ ಸುಮಾರು 200 ಕಿಲೋಮೀಟರ್, ಪಕ್ಕದಲ್ಲೇ ಹಳೆಯ ಘಾನ್ ರೈಲು ಹಳಿಯ ಅವಶೇಷ. ರಸ್ತೆ ತುಂಬ ಅಲೆ ಅಲೆ ಮಣ್ಣು. ಕೌವರ್ಡ್ ಸ್ಪ್ರಿಂಗ್ಸ್ ದಾಟಿದ ಮೇಲೆ ಒಣ ಹಳ್ಳವೊಂದು ಬಂತು, 70ರಲ್ಲಿದ್ದೆ. ಗಾಡಿ ಒಮ್ಮೆ ಎದ್ದು ಬಿತ್ತು. ಢಬ್ ಅಂತ ಸದ್ದು. ಕಲ್ಲು ಬಡಿದಿರಬೇಕು ಅಂದುಕೊಂಡೆ.

ವಿಲಿಯಂ ಕ್ರೀಕ್‌ನಲ್ಲಿ ಇಳಿದಾಗ ಮಗಳು ಕರೆದಳು. "ಅಪ್ಪಾ, ಇಲ್ಲಿ ನನ್ನ ಕೈ ಹೋಗುತ್ತೆ ನೋಡು." ಕ್ಯಾಬಿನ್‌ಗೂ ಟಬ್‌ಗೂ (ಹಿಂದಿನ ಸಾಮಾನಿನ ತೊಟ್ಟಿ) ನಡುವಿನ ಸಂದು ಮೇಲುಗಡೆ ಅಗಲವಾಗಿತ್ತು. ಕೆಳಗಡೆ ಎರಡೂ ತಾಗಿ ಬಣ್ಣ ಕಿತ್ತುಬಂದಿತ್ತು. ಕೆಳಗೆ ಮಲಗಿ ಟಾರ್ಚ್ ಬಿಟ್ಟೆ. ಕೆಂಪು ಧೂಳಿನ ಅಡಿಯಲ್ಲಿ ಚಾಸಿಯ ಕೆಳ ಅಂಚು ಸೀರೆ ನೆರಿಗೆಯ ಹಾಗೆ ಸುಕ್ಕುಗಟ್ಟಿತ್ತು. ಕೈಯಿಂದ ಮುಟ್ಟಿ ನೋಡಿದೆ, ನಂಬೋಕೇ ಆಗಲಿಲ್ಲ. ಎರಡೂ ಬದಿ ಒಂದೇ ಥರ.

ಗಾಡಿಯನ್ನು ಲಾರಿ ಮೇಲೆ ಹೇರಿ ಕೂಬರ್ ಪೀಡಿಗೆ, ಅಲ್ಲಿಂದ ಅಡಿಲೇಡ್‌ಗೆ. ಸಾಮಾನೆಲ್ಲ ಹೇರಿದಂತೆ, ಟ್ರೇಲರ್‌ನ ಮೂತಿ ಗಾಡಿಯ ಬಾಲದ ಮೇಲೆ ಹೇರುವ ಭಾರವೂ ಸೇರಿಸಿ ಲೆಕ್ಕ ಹಾಕಿಸಿದರೆ 3,340 ಕೆಜಿ. ಗಾಡಿಯ ಜಿವಿಎಂ, ಅಂದರೆ ಇರಬಹುದಾದ ಗರಿಷ್ಠ ಒಟ್ಟು ತೂಕ, 3,050. ವಾರಂಟಿಯವರು ಕೈ ಎತ್ತಿದರು. ವಿಮೆಯವರೂ ಕೊಡಲಿಲ್ಲ. ಚಾಸಿ ಬದಲಿಸಲು ಕೇಳಿದ ದುಡ್ಡು ಗಾಡಿಯ ಬೆಲೆಯ ಹತ್ತಿರ ಹತ್ತಿರ. ಗುಜರಿಗೆ ಕೊಟ್ಟೆ.

ಈಗ ನಿಮ್ಮ ಗಾಡಿ. ಕ್ಯಾರವಾನ್ 2,500 ಕೆಜಿ ಅಂದಿದ್ದೀರಿ. ಮೂತಿಯ ಭಾರ ಹತ್ತರಲ್ಲೊಂದು ಅಂತ ಹಿಡಿದರೆ 250. ಟೋ ಬಾಲ್ (ಕ್ಯಾರವಾನ್ ಸಿಕ್ಕಿಸುವ ಗುಂಡು) ಇರೋದು ಆಕ್ಸಲ್‌ನಿಂದ 1.2 ಮೀಟರ್ ಹಿಂದೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತಿಟ್ಟುಕೊಳ್ಳಿ. ಸನ್ನೆಗೋಲಿನ ಲೆಕ್ಕ, ಹಿಂದಿನ ಆಕ್ಸಲ್ ಮೇಲೆ ಬೀಳೋದು 250 ಅಲ್ಲ, 350. ಮುಂದಿನ ಚಕ್ರದಿಂದ 100 ಕೆಜಿ ಎದ್ದುಹೋಗುತ್ತೆ. ಸ್ಟೀರಿಂಗ್ ಹಗುರ ಆಯಿತು ಅಂತ ಬರೆದಿದ್ದೀರಲ್ಲ, ಅದು ಇದೇ. ಕ್ಯಾನೊಪಿ, ಮನೆಮಂದಿ ಎಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕಂಪನಿಯವರು 3,500 ಕೆಜಿ ಎಳೆಯುತ್ತೆ ಅನ್ನೋದು ಸಾಮಾನ್ಯವಾಗಿ ಗಾಡಿಯನ್ನೂ ಪೂರ್ತಿ ತುಂಬಿಕೊಂಡು ಅಲ್ಲ.

ಬಾಲ ಕೂರೋದು ರೋಗವಲ್ಲ, ಭಾರ ಜಾಸ್ತಿ ಆಗಿದೆ ಅಂತ ಗಾಡಿ ಹೇಳೋ ರೀತಿ. ನಾನು ಅದನ್ನು ಗಾಳಿ ತುಂಬಿ ಮುಚ್ಚಿದೆ. ಗಾಳಿ ಕಡಿಮೆ ಇಟ್ಟರೆ ಏನೂ ಆಗಲ್ಲ ಅನ್ನೋರು ಸಿಗುತ್ತಾರೆ, ಇರಬಹುದು. ಆದರೆ ಭಾರ ಹೊತ್ತಾಗ ಯಾರೂ ಕಡಿಮೆ ಇಡಲ್ಲ. ಜಿವಿಎಂ ಅಪ್‌ಗ್ರೇಡ್ ಮಾಡಿಸಿ ಅಂತಲೂ ಹೇಳುತ್ತಾರೆ. ಎಂಜಿನಿಯರ್ ಸರ್ಟಿಫಿಕೇಟ್ ಸಿಗುತ್ತೆ, ಕಾನೂನಿನ ಪ್ರಕಾರ ಸರಿ. ಅದರಲ್ಲಿ ಸಾಮಾನ್ಯವಾಗಿ ಬದಲಾಗೋದು ಸ್ಪ್ರಿಂಗ್, ಚಾಸಿ ಅದೇ ಹಳೆಯದು.

ಮೊದಲು ಬಾಲದ ತುದಿಯಿಂದ ಭಾರ ತೆಗೆಯಿರಿ. ನೀರಿನ ಟ್ಯಾಂಕ್, ಬ್ಯಾಟರಿ ಎರಡನ್ನೂ ಮುಂದಕ್ಕೆ ತಂದು ಕ್ಯಾಬಿನ್ ಗೋಡೆಗೆ ಒತ್ತಿ ಕೂರಿಸಿ. ಸುಮ್ನೆ ಹೊತ್ತು ತಿರುಗೋ ಸಾಮಾನು ಮನೆಯಲ್ಲಿಡಿ. ಆಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಟ್ಯಾಂಕ್ ತುಂಬಿಸಿ, ಕ್ಯಾರವಾನ್ ಕಟ್ಟಿಕೊಂಡೇ ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಕ್ಯಾರವಾನ್ ಮೂರನ್ನೂ ಬೇರೆ ಬೇರೆ ತೂಗಿಸಿ. ಚೀಟಿಯಲ್ಲಿ ಬಂದ ಅಂಕಿ ಇಲ್ಲೇ ಕೆಳಗೆ ಬರೆಯಿರಿ, ಕೂತು ಲೆಕ್ಕ ಹಾಕೋಣ.