ಹೋಲ್ಡರ್ ಉಜ್ಜುವ ಮೊದಲು ಪೋಸ್ಟ್ ಮೇಲೆ ಉಗುರಾಡಿಸಿ

ಲೇಥ್‌ನ ಟೂಲ್ ಪೋಸ್ಟ್‌ಗೆ (ಕತ್ತರಿಸುವ ಟೂಲ್ ಇರುವ ಹೋಲ್ಡರನ್ನು ಹಿಡಿಯುವ ಭಾಗ) ಹೊಸದಾಗಿ ತಂದ ನಾಲ್ಕು ಹೋಲ್ಡರ್‌ಗಳಲ್ಲಿ ಎರಡು ಬಿಗಿ, ಒಂದು ಸಡಿಲ, ಬಿಗಿಮಾಡುವ ಹ್ಯಾಂಡಲ್ ಒಂದೊಂದಕ್ಕೆ ಒಂದೊಂದು ಕಡೆ ನಿಲ್ಲುತ್ತದೆ, ಬಿಗಿ ಇರುವುದನ್ನು ಅರದಿಂದ ಎಷ್ಟು ಉಜ್ಜಬೇಕು ಅಂತ ಕೇಳಿದ್ದೀರಿ. ದಯವಿಟ್ಟು ಅರವನ್ನು ಕೆಳಗಿಡಿ. ಇದೇ ಪ್ರಶ್ನೆ ನನಗೂ ಬಂದಿತ್ತು. ಯಾರನ್ನೂ ಕೇಳದೆ ಉಜ್ಜಲು ಕೂತೆ. ಮೂರು ಒಳ್ಳೆಯ ಹೋಲ್ಡರ್ ಹಾಳಾದವು.

ನನ್ನದು ಬೆಣೆ ಇರುವ ಪೋಸ್ಟ್, ಅಂದರೆ ವೆಡ್ಜ್ ಟೈಪ್. ಹ್ಯಾಂಡಲ್ ತಿರುಗಿಸಿದರೆ ಬೆಣೆ ಇಳಿಜಾರಿನ ಮೇಲೆ ಜಾರಿ ಹೋಲ್ಡರನ್ನು ಪೋಸ್ಟ್ ಕಡೆಗೆ ಎಳೆದು ಹಿಡಿಯುತ್ತದೆ. ಜೊತೆಯಲ್ಲಿ ಬಂದ ಐದು ಹೋಲ್ಡರ್‌ಗಳು ಚೆನ್ನಾಗಿಯೇ ಕೂರುತ್ತಿದ್ದವು. ಒಂದು ವರ್ಷ ಆದಮೇಲೆ ಬೇರೆ ಕಡೆಯಿಂದ ಇನ್ನೂ ಮೂರು ತರಿಸಿದೆ. ಅದೇ ಎಎಕ್ಸ್‌ಎ ಸೈಜ್, ಕೆಲವರು 100 ಸೀರೀಸ್ ಅಂತಾರಲ್ಲ, ಅದು. ಮೂರೂ ಅರ್ಧ ಇಳಿದು ಸಿಕ್ಕಿಕೊಂಡವು.

ಮಾಡಿದವರು ಡವ್‌ಟೇಲ್ (ಪೋಸ್ಟ್ ಮತ್ತು ಹೋಲ್ಡರ್ ಒಂದಕ್ಕೊಂದು ಸಿಕ್ಕಿಕೊಳ್ಳುವ, ಓರೆ ಪಕ್ಕಗಳಿರುವ ಜೋಡಣೆ) ಕಿರಿದಾಗಿ ಕತ್ತರಿಸಿದ್ದಾರೆ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟೆ. ಪೋಸ್ಟ್‌ನ ಡವ್‌ಟೇಲ್‌ಗೆ ತೆಳ್ಳಗೆ ಮಾರ್ಕಿಂಗ್ ಬ್ಲೂ (ತಾಗಿದ ಕಡೆ ಅಂಟಿ ಗುರುತು ಬಿಡುವ ನೀಲಿ ಬಣ್ಣ) ಹಚ್ಚಿ ಹೋಲ್ಡರ್ ಇಳಿಸಿ ತೆಗೆದೆ. ಒಂದು ಪಕ್ಕದ ಇಳಿಜಾರಿನಲ್ಲಿ, ಅಂಚಿಗೆ ಹತ್ತಿರ, ದಾರದಷ್ಟು ತೆಳುವಾದ ನೀಲಿ ಗೆರೆ. ಡೈಮಂಡ್ ಅರದಿಂದ ಅಲ್ಲಿ ಉಜ್ಜಿದೆ. ಮತ್ತೆ ಇಳಿಸಿದೆ, ಮತ್ತೆ ಗೆರೆ. ಮತ್ತೆ ಉಜ್ಜಿದೆ. ಎರಡು ಸಂಜೆ ಹೀಗೇ ಹೋಯಿತು. ಕೊನೆಗೆ ಮೂರೂ ಇಳಿದವು.

ತಪ್ಪು ಎಲ್ಲಿ ಆಯಿತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಮೂರು ಹೋಲ್ಡರ್‌ನಲ್ಲೂ ನೀಲಿ ಗೆರೆ ಬಂದಿದ್ದು ಒಂದೇ ಜಾಗದಲ್ಲಿ. ಅದೇ ಪಕ್ಕ, ಅಂಚಿನಿಂದ ಅಷ್ಟೇ ದೂರ. ಬೇರೆ ಬೇರೆ ಮೂರು ತುಂಡುಗಳು ಕಿರಿದಾಗಿದ್ದರೆ ಗುರುತು ಇಡೀ ಇಳಿಜಾರಿಗೆ ಅಗಲವಾಗಿ ಬರಬೇಕಿತ್ತು, ಎರಡೂ ಪಕ್ಕ ಬರಬೇಕಿತ್ತು. ದಾರದಂಥ ಗೆರೆ ಬಂತು ಅಂದರೆ ಪೋಸ್ಟ್ ಮೇಲೆ ಒಂದು ಚುಕ್ಕೆಯಷ್ಟು ಏನೋ ಎದ್ದು ನಿಂತಿದೆ, ಹೋಲ್ಡರ್ ಇಳಿಯುವಾಗ ಅದು ಉದ್ದಕ್ಕೂ ಗೀಚುತ್ತಿದೆ ಅಂತ ಅರ್ಥ. ಬ್ಲೂ ನನಗೆ ಸರಿಯಾಗಿಯೇ ಹೇಳಿತ್ತು. ನಾನು ಎಲ್ಲಿ ತಾಗುತ್ತಿದೆ ಅಂತ ಮಾತ್ರ ನೋಡಿದೆ, ಯಾವುದು ತಾಗುತ್ತಿದೆ ಅಂತ ನೋಡಲಿಲ್ಲ. ಹಳೆಯ ಹೋಲ್ಡರ್‌ಗಳೂ ಕೆಲವು ತಿಂಗಳಿಂದ ಸ್ವಲ್ಪ ಬಿಗಿಯಾಗಿದ್ದವು. ಅದನ್ನೂ ಲೋಹದ ಪುಡಿ ಕೂತಿರಬೇಕು ಅಂತ ಬಿಟ್ಟಿದ್ದೆ.

ಗೊತ್ತಾಗಿದ್ದು ಪಾರ್ಟಿಂಗ್ ಮಾಡುವಾಗ, ಅಂದರೆ ಜಾಬನ್ನು ಕತ್ತರಿಸಿ ಬೇರ್ಪಡಿಸುವಾಗ. ಜಾಬ್ ಮೇಲೆ ಕಿರ್ ಅಂತ ಚಾಟರ್ (ಟೂಲ್ ಅದುರಾಟ), ಆಮೇಲೆ ಟೂಲ್ ಒಳಕ್ಕೆ ಕಚ್ಚಿಕೊಂಡು ಬ್ಲೇಡ್ ಮುರಿಯಿತು. ನೋಡಿದರೆ ಹ್ಯಾಂಡಲ್ ಕೊನೆಯವರೆಗೂ ಹೋಗಿ ನಿಂತಿತ್ತು, ಹೋಲ್ಡರ್ ಮಾತ್ರ ಬಿಗಿಯಾಗಿರಲಿಲ್ಲ. ಸಣ್ಣ ಅಲುಗಾಟವನ್ನೂ ಅಳೆಯುವ ಡಯಲ್ ಗೇಜ್ ಇಟ್ಟು ಹೋಲ್ಡರ್ ತುದಿಯನ್ನು ಬರಿಗೈಯಲ್ಲಿ ಒತ್ತಿದೆ. ಮುಳ್ಳು 0.08 ಮಿ.ಮೀ. ಓಡಿತು. ಪೋಸ್ಟ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಒರೆಸುವಾಗ ಡವ್‌ಟೇಲ್ ಅಂಚಿನಲ್ಲಿ ಉಗುರು ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು. ಹಿಂದೊಮ್ಮೆ ಕೈ ಜಾರಿ ಹೋಲ್ಡರ್ ಅದರ ಮೇಲೆ ಬಿದ್ದಿದ್ದು ಆಗ ನೆನಪಾಯಿತು. ಆಯಿಲ್ ಸ್ಟೋನ್ (ಸಾಣೆಕಲ್ಲು) ಚಪ್ಪಟೆಯಾಗಿ ಹಿಡಿದು ನಾಲ್ಕು ಸಲ ಎಳೆದೆ, ಉಬ್ಬು ಹೋಯಿತು. ಹಳೆಯ ಹೋಲ್ಡರ್ ಇಟ್ಟೆ, ತನ್ನ ಭಾರಕ್ಕೇ ಜಾರಿ ಇಳಿಯಿತು. ಉಜ್ಜಿದ ಮೂರೂ ಲೊಡಲೊಡ.

ಅರ ಯಾಕೆ ಇಷ್ಟು ಕೆಡಿಸುತ್ತದೆ ಅಂದರೆ, ಡವ್‌ಟೇಲ್‌ನ ಪಕ್ಕ 60 ಡಿಗ್ರಿ ಓರೆ. ಇಕ್ಕಟ್ಟಿನಲ್ಲಿ ಕೈಯಿಂದ ಉಜ್ಜಿದರೆ ಅರ ತೂಗಾಡುತ್ತದೆ, ಮೇಲ್ಮೈಗೆ ಹೊಟ್ಟೆ ಬರುತ್ತದೆ. ಆಮೇಲೆ ಪೂರ್ತಿ ಕೂರುವ ಬದಲು ಒಂದು ಗೆರೆಯ ಮೇಲೆ ಮಾತ್ರ ಕೂರುತ್ತದೆ. ಅಗಲವೂ ತೆಗೆದದ್ದಕ್ಕಿಂತ ಜಾಸ್ತಿ ಬೆಳೆಯುತ್ತದೆ: ಓರೆಯ ಮೇಲೆ 0.1 ಮಿ.ಮೀ. ತೆಗೆದರೆ ಅಗಲ ಸುಮಾರು 0.115 ಹೆಚ್ಚುತ್ತದೆ. ಬೆಣೆಯ ಹಿಂದೆ ಶಿಮ್ (ತೆಳು ಲೋಹದ ಹಾಳೆ) ಇಟ್ಟು ಸರಿಮಾಡೋಣ ಅಂತ ಯೋಚಿಸಿದೆ. ಆದರೆ ಅದು ಜಾರುವ ಜಾಗ, ಶಿಮ್ ಅಲ್ಲಿ ನಿಲ್ಲುವುದಿಲ್ಲ. ನಿಂತರೂ ಸರಿಯಿರುವ ಐದು ಹೋಲ್ಡರ್‌ಗಳು ಬಿಗಿಯಾಗುತ್ತವೆ.

ಹಾಗಾಗಿ ಮೊದಲು ಪೋಸ್ಟ್ ನೋಡಿ. ಬ್ರಶ್ಶಿನಿಂದ ಮೂಲೆಗಳ ಪುಡಿ ತೆಗೆಯಿರಿ, ಎಲ್ಲಾ ಅಂಚಿಗೂ ಉಗುರಾಡಿಸಿ, ಎದ್ದಿದ್ದನ್ನು ಮಾತ್ರ ಸ್ಟೋನ್‌ನಿಂದ ಇಳಿಸಿ. ಪೋಸ್ಟ್‌ಗೆ ಎರಡು ಡವ್‌ಟೇಲ್ ಇರುತ್ತವೆ ಅಲ್ವಾ, ಬಿಗಿ ಇರುವ ಹೋಲ್ಡರನ್ನು ಎರಡರಲ್ಲೂ ಇಳಿಸಿ ನೋಡಿ. ಒಂದರಲ್ಲಿ ಸಲೀಸು, ಇನ್ನೊಂದರಲ್ಲಿ ಬಿಗಿ ಅಂದರೆ ಮೊದಲ ಅನುಮಾನ ಪೋಸ್ಟ್ ಮೇಲೇ ಇರಲಿ. ಟೂಲ್ ಹಿಡಿಯುವ ಸ್ಕ್ರೂಗಳನ್ನು ಸಡಿಲಿಸಿಯೂ ಒಮ್ಮೆ ನೋಡಿ. ಆ ಸ್ಕ್ರೂಗಳನ್ನು ಅತಿಯಾಗಿ ಬಿಗಿದರೆ ಸಣ್ಣ ಹೋಲ್ಡರ್‌ಗಳ ಆಕಾರ ಚೂರು ಕೆಡಬಹುದು. ಹೊಸ ಹೋಲ್ಡರ್‌ನ ಒಳಮೂಲೆಯಲ್ಲಿ ಮಿಲ್ಲಿಂಗ್ ಬರ್ (ಕತ್ತರಿಸಿದಾಗ ಉಳಿದ ಚೂಪಾದ ಲೋಹದ ಅಂಚು) ಉಳಿದಿದ್ದರೆ ಅದನ್ನು ತೆಗೆಯಲು ಅಡ್ಡಿಯಿಲ್ಲ.

ಇದಾದಮೇಲೂ ಬಿಗಿಯಿದ್ದರೆ ಅಳೆಯಿರಿ. ಒಂದೇ ಸೈಜಿನ ಎರಡು ಡೋವೆಲ್ ಪಿನ್ (ನಯವಾದ ದುಂಡು ಉಕ್ಕಿನ ಕಡ್ಡಿ) ತೆಗೆದುಕೊಂಡು ಡವ್‌ಟೇಲ್‌ನ ಎರಡು ಮೂಲೆಗೆ ಒತ್ತಿ ಇಟ್ಟು, ಅವುಗಳ ನಡುವಿನ ಅಂತರವನ್ನು ವರ್ನಿಯರ್‌ನ ಒಳ ದವಡೆಯಲ್ಲಿ ನೋಡಿ. ಮೇಲೆ ಒಂದು ಸಲ, ಕೆಳಗೆ ಒಂದು ಸಲ. ಸೂತ್ರ ಬೇಕಾಗಿಲ್ಲ, ಚೆನ್ನಾಗಿ ಕೂರುವ ಹೋಲ್ಡರ್‌ನ ಅಳತೆಯ ಜೊತೆ ಹೋಲಿಸಿದರೆ ಸಾಕು. ನಿಜವಾಗಲೂ ಕಿರಿದು ಅಂತ ಬಂದರೆ ವಾಪಸ್ ಕಳಿಸಿ. ಅದು ಆಗದಿದ್ದರೆ ಮಿಲ್ಲಿಂಗ್ ಮಶೀನ್‌ನಲ್ಲಿ 60 ಡಿಗ್ರಿ ಡವ್‌ಟೇಲ್ ಕಟರ್, ಡಯಲ್ ಗೇಜ್‌ನಿಂದ ನೇರ ಮಾಡಿಕೊಂಡು. ಅರ ಮಾತ್ರ ಬೇಡ.

ಹ್ಯಾಂಡಲ್ ಬೇರೆ ಬೇರೆ ಕಡೆ ನಿಲ್ಲುವುದು ದೋಷವೇ ಅಲ್ಲ. ಬೆಣೆಯ ಇಳಿಜಾರಿನಿಂದಾಗಿ ಅಗಲದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಹ್ಯಾಂಡಲ್‌ನಲ್ಲಿ ದೊಡ್ಡದಾಗಿ ಕಾಣುತ್ತದೆ. ಜಾಬ್ ಹಿಡಿಯುವ ಚಕ್‌ಗೆ ತಾಗದೆ, ಬಿಗಿಯಾದ ಮೇಲೂ ಇನ್ನಷ್ಟು ತಿರುಗಲು ಜಾಗ ಉಳಿದಿದ್ದರೆ ಹಾಗೇ ಬಿಡಿ.

ನಿಮಗೆ ಬಿಗಿ ಇರುವ ಎರಡರ ಚಿಂತೆ. ನನಗೆ ಸಡಿಲ ಇರುವ ಆ ಒಂದರ ಚಿಂತೆ. ಬಿಗಿ ಇರುವುದು ಪೋಸ್ಟ್ ಮೇಲೆ ಹತ್ತುವುದೇ ಇಲ್ಲ, ಅದರಿಂದ ಅಪಾಯವಿಲ್ಲ. ಸಡಿಲ ಇರುವುದು ಸರಿಯಾಗಿ ಕೂತಂತೆ ಕಂಡು, ಮಶೀನ್ ಓಡುವಾಗ ಕೈಕೊಡುತ್ತದೆ. ನಿಮ್ಮದು ಪಿಸ್ಟನ್ ಪೋಸ್ಟ್ ಆಗಿದ್ದರೆ ಇದಕ್ಕೆ ದಾರಿ ಇದೆ. ಅಲ್ಲಿ ಪಿಸ್ಟನ್ ಹೋಲ್ಡರನ್ನು ಹೊರಕ್ಕೆ ತಳ್ಳಿ ಹಿಡಿಯುತ್ತದೆ, ಸ್ವಲ್ಪ ಉದ್ದದ ಪಿಸ್ಟನ್ ನಿಮ್ಮ ಲೇಥ್‌ನಲ್ಲೇ ಮಾಡಿಕೊಳ್ಳಬಹುದು. ಬೆಣೆಯದ್ದಾದರೆ, ಹ್ಯಾಂಡಲ್ ಕೊನೆಗೆ ಹೋಗಿ ನಿಲ್ಲುವ ಹೋಲ್ಡರ್‌ನಲ್ಲಿ ಕತ್ತರಿಸುವ ಟೂಲ್ ಹಾಕಲೇಬೇಡಿ. ನನ್ನ ಮೂರರಲ್ಲಿ ಒಂದನ್ನು ಡಯಲ್ ಗೇಜ್ ಹಿಡಿಯೋಕೆ ಇಟ್ಟುಕೊಂಡಿದ್ದೀನಿ, ಉಳಿದೆರಡು ಡ್ರಾಯರ್‌ನಲ್ಲಿವೆ.

ಪೋಸ್ಟ್ ಬೆಣೆಯದ್ದಾ, ಪಿಸ್ಟನ್ನದಾ ಅಂತ ತಿಳಿಸಿ. ನಾಲ್ಕೂ ಹೋಲ್ಡರ್‌ಗಳ ಪಿನ್ ಅಳತೆ ಬರೆದರೆ ಯಾವುದನ್ನು ವಾಪಸ್ ಕಳಿಸಬೇಕು ಅಂತ ನೋಡಿ ಹೇಳ್ತೀನಿ.