ಸದ್ದಿಲ್ಲದ ಮನೆಯಲ್ಲಿ ಹಗಲು ಇರುವವರು ಯಾರು?

ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದವರು ದಾವಣಗೆರೆಯ ಗಂಡ ಹೆಂಡತಿ. ಇಬ್ಬರಿಗೂ ನಲವತ್ತರ ಆಸುಪಾಸು, ಮಗ ಹೈಸ್ಕೂಲು. ಗುರುತು ಸಿಗದಿರಲಿ ಅಂತ ಒಂದಷ್ಟು ವಿವರ ಬದಲಿಸಿದ್ದೇನೆ. ಮನೆಯಲ್ಲಿ ಮಾತು ನಿಂತು ತಿಂಗಳುಗಳೇ ಆಗಿದ್ದವು. ಊಟಕ್ಕೆ ಕರೆಯುವುದೂ ಮಗನ ಬಾಯಲ್ಲಿ. ಕಾರಣ ಒಂದು ಮನೆ, ಅದೂ ಇನ್ನೂ ಕೊಂಡಿಲ್ಲದ ಮನೆ.

ಈಗಿರುವುದು ಹಳೇ ದಾವಣಗೆರೆಯಲ್ಲಿ, ಬಾಡಿಗೆಗೆ. ಗಂಡನಿಗೆ ಅಲ್ಲಿ ಸಾಕಾಗಿದೆ. ನಸುಕಿಗೇ ಆಟೋ ಸದ್ದು, ಮದುವೆ ಸೀಸನ್ನಿನಲ್ಲಿ ಡಿಜೆ, ಗಾಳಿ ತಿರುಗಿದರೆ ಮಂಡಕ್ಕಿ ಭಟ್ಟಿಯ ಹೊಗೆ. ಕುಂದುವಾಡ ಕೆರೆಗೆ ವಾಕಿಂಗ್ ಹೋದಾಗ ಆಚೆಗಿನ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿದ್ದಾರೆ. ಬೆಲೆ 58 ಲಕ್ಷ. "ಅಲ್ಲಿ ಹಕ್ಕಿ ಕೂಗೋದು ಕೇಳ್ಸುತ್ತೆ ಮೇಡಂ" ಎಂದರು. ಇದನ್ನು ನಾನು ಹಗುರವಾಗಿ ತಗೊಳ್ಳಲಿಲ್ಲ. ವರ್ಷಗಟ್ಟಲೆ ನಿದ್ದೆಗೆಟ್ಟವರಿಗೆ ಅದು ಶೋಕಿ ಅಲ್ಲ.

ಹೆಂಡತಿಯದ್ದು ಒಂದೇ ಮಾತು: "ನಾನು ಬರಲ್ಲ." ಯಾಕೆ ಅಂತ ಕೇಳಿದರೆ ಸುಮ್ಮನಿದ್ದುಬಿಡುತ್ತಿದ್ದರು. ಗಂಡ ಅದನ್ನು ಹಟ ಅಂದುಕೊಂಡಿದ್ದರು.

ಮನೆಯ ಜಗಳಗಳಲ್ಲಿ ಲೆಕ್ಕದ ಹಾಳೆ ಮಾತಿಗಿಂತ ಬೇಗ ಬಾಯಿಬಿಡುತ್ತದೆ. ಗಂಡನ ಡೈರಿ ತರಿಸಿದೆ. ನೀಟಾದ ಅಕ್ಷರ. ತನ್ನ ಸಂಬಳ 72,000, ಹೆಂಡತಿಯ ಟೈಲರಿಂಗ್ 15,000, ಹೊಸ ಮನೆ ಸಾಲದ ಕಂತು 40,000. ಕೆಳಗೆ: ಉಳಿತಾಯ 14 ಲಕ್ಷ, ಬಂಗಾರ 3 ಲಕ್ಷ. ಆಕೆ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದು ಯಾರ ಬಂಗಾರ? ನನ್ನ ಕೇಳಿದ್ರಾ?"

ಬಂಗಾರದ ಮಾತು ಯಾಕೆ ಬಂತು ಅಂದರೆ, 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆ ಬೆಲೆಯ ಶೇ. 80ರವರೆಗೆ ಮಾತ್ರ ಕೊಡಬಹುದು. ಅಂದರೆ 46 ಲಕ್ಷ ಚಿಲ್ಲರೆ. ಉಳಿದ ಹನ್ನೊಂದೂವರೆ ಲಕ್ಷ ಕೈಯಿಂದ. ಅದರ ಮೇಲೆ ಮುದ್ರಾಂಕ ಶುಲ್ಕ ಶೇ. 5, ಅದಕ್ಕೊಂದಿಷ್ಟು ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಇದೇ ನಾಲ್ಕು ಲಕ್ಷ ದಾಟುತ್ತದೆ, ಬ್ಯಾಂಕು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 14 ಲಕ್ಷ ಸಾಲಲಿಲ್ಲ, ಕಣ್ಣು ಬೀರುವಿನ ಕಡೆ ಹೋಯಿತು.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಮೇಲಿನ ಸಾಲು. ಆ 15,000 ಎಲ್ಲಿಂದ ಬರುತ್ತದೆ ಅಂತ ಆಕೆಯನ್ನೇ ಕೇಳಿದೆ. ಕಾಯಿಪಲ್ಲೆಗೆ ಹೊರಟವರು ಅಳತೆ ಬ್ಲೌಸ್ ಕೊಟ್ಟು ಹೋಗುತ್ತಾರೆ. ಸಂಜೆ ಬಂದು ಫಾಲ್ ಹಚ್ಚಿದ ಸೀರೆ ಒಯ್ಯುತ್ತಾರೆ. ನಿಂತು ಹತ್ತು ನಿಮಿಷ ಹರಟುತ್ತಾರೆ. ಗಂಡನಿಗೆ ಬೇಡವಾದ ಆ ಗದ್ದಲದಿಂದಲೇ ಆಕೆಯ ಗಿರಾಕಿಗಳು ಬರುವುದು. ಆ ಓಣಿ ಬಿಟ್ಟು ಹೋಗಲು ಹಾಕಿದ ಲೆಕ್ಕದಲ್ಲಿ ಓಣಿಯಿಂದ ಬರುವ ದುಡ್ಡೂ ಸೇರಿತ್ತು! ಇನ್ನು ಗಂಡ ಬೆಳಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ರಾತ್ರಿ ಎಂಟಕ್ಕೆ. ಹಕ್ಕಿ ಕೂಗು ಕೇಳುತ್ತಾ ಇಡೀ ದಿನ ಒಬ್ಬರೇ ಕೂರಬೇಕಾದವರು ಆಕೆ.

ನಾನು ಕೊಟ್ಟ ಸಲಹೆ ಇಷ್ಟು. ಸದ್ಯಕ್ಕೆ ಅಡ್ವಾನ್ಸ್ ಕೊಡಬೇಡಿ. ಬ್ರೋಕರ್ "ಇನ್ನೊಬ್ಬರು ಕಾಯ್ತಿದ್ದಾರೆ" ಅಂದರೂ ಸರಿ. ಭಾನುವಾರದ ವಾಕಿಂಗ್ ಬಿಟ್ಟು, ಕೆಲಸದ ದಿನ ಮಧ್ಯಾಹ್ನ ಇಬ್ಬರೂ ಹೋಗಿ ಆ ರಸ್ತೆಯಲ್ಲಿ ಎರಡು ತಾಸು ಇರಿ. ರಾತ್ರಿಯೂ ಒಮ್ಮೆ ಹೋಗಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಬೀದಿದೀಪ ಹೇಗೆ, ಮಗನ ಟ್ಯೂಷನ್ನಿಗೆ ಬಸ್ಸು ಇದೆಯಾ ಅಂತ ಅಲ್ಲಿಯ ಹೆಂಗಸರನ್ನೇ ಕೇಳಿ, ಮಾರುವವರನ್ನಲ್ಲ. ಆಗಲೂ ಮನಸ್ಸಿದ್ದರೆ ಅದೇ ಬಡಾವಣೆಯಲ್ಲಿ 11 ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿಯಿರಿ. ಮಷಿನ್ ಇಡಲು ಹಳೇ ಓಣಿಯಲ್ಲೇ ಒಂದು ಸಣ್ಣ ಕೋಣೆ ನೋಡಿ. ಲೆಕ್ಕವನ್ನು ಆ 15,000 ಬಿಟ್ಟು ಮತ್ತೆ ಹಾಕಿ. ಆಗ ಸಂಬಳದ ಅರ್ಧಕ್ಕಿಂತ ಜಾಸ್ತಿ ಕಂತಿಗೇ ಹೋಗುತ್ತದೆ. ಆ ಮನೆ ನಿಮ್ಮ ಕೈಗೆ ಮೀರಿದ್ದು ಅಂತ ನೇರವಾಗಿಯೇ ಹೇಳಿದೆ.

ಕಾಗದಪತ್ರ ನನ್ನ ಕ್ಷೇತ್ರ ಅಲ್ಲ. ಇ-ಖಾತಾ, ಭೂಪರಿವರ್ತನೆ ಆದೇಶ, ಪ್ರಾಧಿಕಾರದ ಲೇಔಟ್ ಮಂಜೂರಾತಿ, ಋಣಭಾರ ಪತ್ರ ಎಲ್ಲವನ್ನೂ ವಕೀಲರಿಗೆ ತೋರಿಸಿ ಎಂದೆ. ಅದೂ ಮಾರುವವರು ಹೇಳಿದ ವಕೀಲರಿಗಲ್ಲ.

ಬಂಗಾರದ ವಿಷಯ ಗಂಡನೊಬ್ಬರ ಹತ್ತಿರ ಬೇರೆಯಾಗಿ ಮಾತಾಡಿದೆ. ತವರಿನ ಒಡವೆ ಸ್ತ್ರೀಧನ. ಅದರ ಮೇಲೆ ಗಂಡನಿಗೆ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲೂ ಹೇಳಿದೆ. ಆಕೆ ತಾನಾಗಿ ಕೊಟ್ಟರೆ ಕ್ರಯಪತ್ರದಲ್ಲಿ ಆಕೆಯ ಹೆಸರೂ ಇರಬೇಕು. "ಮನೆಗೇ ಅಲ್ವಾ ಮೇಡಂ, ಅದರಲ್ಲೇನು ಕೇಳೋದು" ಎಂದರು. ಕೇಳಬೇಕು ಎಂದೆ.

ಮುಂದಿನ ಸಲ ಬಂದಾಗ ಇಬ್ಬರೂ ಬಡಾವಣೆ ನೋಡಿ ಬಂದಿದ್ದರು. ಆಕೆಯೇ ಮೊದಲು ಮಾತಾಡಿದರು. ಅಲ್ಲಿ ಹತ್ತಿರದಲ್ಲಿ ಟೈಲರ್ ಇಲ್ಲವಂತೆ, ಇಬ್ಬರು ಹೆಂಗಸರು "ಯಾವಾಗ ಬರ್ತೀರಿ" ಅಂತ ಕೇಳಿದರಂತೆ. ಹಾಗಂತ ಆಕೆ ಒಪ್ಪಿಲ್ಲ. ಬಾಡಿಗೆ ಮನೆ ಹುಡುಕಲು ಮಾತ್ರ ಹೂಂ ಅಂದಿದ್ದಾರೆ. 58 ಲಕ್ಷದ ಮನೆಯನ್ನು ಗಂಡ ಕೈಬಿಟ್ಟಿದ್ದಾರೆ. ಕೇಳದೆ ಬಂಗಾರ ಬರೆದಿದ್ದಕ್ಕೆ ಅವರು ಇನ್ನೂ ತಪ್ಪಾಯ್ತು ಅಂದಿಲ್ಲ. ಆಕೆ ಅದಕ್ಕೇ ಕಾಯುತ್ತಿದ್ದಾರೆ. ಮುಂದಿನ ಭೇಟಿಗೆ ಆ ಒಂದು ವಿಷಯ ಇಟ್ಟುಕೊಂಡಿದ್ದೇವೆ.