ಓದುಗರ ಪ್ರಶ್ನೆ: ಲೇಹ್‌ನಲ್ಲಿ ಮೊದಲ ಎರಡು ದಿನ

ಪ್ರಶ್ನೆ: ದಿಲ್ಲಿಯಿಂದ ವಿಮಾನದಲ್ಲಿ ಲೇಹ್‌ಗೆ ಹೊರಟಿದ್ದೇವೆ, ಆರು ದಿನದ ಟೂರು. ಎರಡನೇ ದಿನವೇ ಖರ್ದುಂಗ್ ಲಾ ಘಾಟಿ ಅಂತ ಬರೆದಿದ್ದಾರೆ. ಬಿಪಿ ಇರುವ ಅಪ್ಪನೂ ಬರ್ತಾರೆ, 62 ವರ್ಷ. ಎತ್ತರದ ಕಾಯಿಲೆ ಬರದಂತೆ ಮಾತ್ರೆ ತಗೊಂಡ್ರೆ ಸಾಕಾ ಸರ್?
– ಓದುಗರು, ದಾವಣಗೆರೆ

ಸಾಲದು. ಮೊದಲು ಆ ಎರಡನೇ ದಿನವನ್ನು ಬದಲಾಯಿಸಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಲೇಹ್ 3,500 ಮೀಟರ್. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ, ಸಮುದ್ರಮಟ್ಟದ ಮೂರನೇ ಎರಡರಷ್ಟಕ್ಕೆ ಇಳಿದಿರುತ್ತದೆ. ಊರಲ್ಲಿ ಸೀಲ್ ಮಾಡಿಸಿದ ಖಾರಾ ಮಂಡಕ್ಕಿ ಪ್ಯಾಕೆಟ್ ಅಲ್ಲಿ ಬಲೂನಿನಂತೆ ಉಬ್ಬಿ ನಿಲ್ಲುವುದು ಅದಕ್ಕೇ.

ದೇಹ ಜೋರಾಗಿ ಉಸಿರಾಡಿ ಇದನ್ನು ಸರಿದೂಗಿಸಲು ನೋಡುತ್ತದೆ. ಆಗ ರಕ್ತದಲ್ಲಿ ಕ್ಷಾರ ಹೆಚ್ಚುತ್ತದೆ, ಮೆದುಳು ಉಸಿರಿಗೆ ಕಡಿವಾಣ ಹಾಕುತ್ತದೆ. ಆ ಕ್ಷಾರವನ್ನು ಮೂತ್ರಪಿಂಡಗಳು ಹೊರಹಾಕಲು ಎರಡು-ಮೂರು ದಿನ ಬೇಕು. ಅಸೆಟಜೋಲಮೈಡ್, ಅಂದರೆ ಅಂಗಡಿಯವರು ಹೇಳುವ ಡಯಾಮಾಕ್ಸ್, ಈ ಕೆಲಸವನ್ನೇ ಚುರುಕುಗೊಳಿಸುತ್ತದೆ. ವಿಶ್ರಾಂತಿಯ ಬದಲಿಗೆ ಅದಲ್ಲ.

ಸಾಮಾನ್ಯ ಪ್ರಮಾಣ 125 ಮಿ.ಗ್ರಾಂ, ಅಂದರೆ 250ರ ಮಾತ್ರೆಯಲ್ಲಿ ಅರ್ಧ, ಬೆಳಿಗ್ಗೆ ಮತ್ತು ರಾತ್ರಿ. ಹೊರಡುವ ಹಿಂದಿನ ದಿನ ಶುರುಮಾಡಿ, ಎತ್ತರ ತಲುಪಿ ಎರಡು ದಿನದವರೆಗೆ ಮುಂದುವರಿಸಬೇಕು. ಬೆರಳು ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಸಹಜ. ಸಲ್ಫಾ ಅಲರ್ಜಿ, ಮೂತ್ರಪಿಂಡದ ಕಲ್ಲು, ಗರ್ಭ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಅಪ್ಪನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದೆಯೇ ಅಂತ ಮೊದಲೇ ತೋರಿಸಿಕೊಳ್ಳಿ. ಬಿಪಿ ಮಾತ್ರೆ ಮಾತ್ರ ಬಿಡಿಸಬೇಡಿ.

ಮೊದಲೆರಡು ದಿನ ಲೇಹ್‌ನಲ್ಲೇ ಇರಿ. ಸ್ವಲ್ಪ ಅಡ್ಡಾಡಬಹುದು, ಮೆಟ್ಟಿಲು ಹತ್ತುವುದು ಬೇಡ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ಊಟ ಹಗುರಾಗಿರಲಿ, ಮಂಡಕ್ಕಿ ಜೊತೆಗಿರಲಿ, ಮೆಣಸಿನಕಾಯಿ ಊರಲ್ಲೇ ಇರಲಿ! ಮೂರನೇ ದಿನ ನುಬ್ರಾ ಕಣಿವೆಗೆ ಹೋಗಿ. ದಾರಿಯಲ್ಲಿ ಸಿಗುವ ಖರ್ದುಂಗ್ ಲಾ 5,359 ಮೀಟರ್, ಅಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ರಾತ್ರಿ ಮಲಗುವ ನುಬ್ರಾದ ಹುಂಡರ್ ಲೇಹ್‌ಗಿಂತ ತಗ್ಗು. ಲೆಕ್ಕಕ್ಕೆ ಬರುವುದು ಮಲಗುವ ಎತ್ತರವೇ. ಪ್ಯಾಂಗಾಂಗ್ ಸರೋವರ 4,000 ಮೀಟರ್ ದಾಟುತ್ತದೆ, ಅಲ್ಲಿಯ ರಾತ್ರಿಯನ್ನು ಕೊನೆಗಿಡಿ. ಆರು ದಿನದಲ್ಲಿ ಆಗದಿದ್ದರೆ ಅದನ್ನೇ ಕೈಬಿಡಿ.

ಪ್ರಶ್ನೆ: ದಿನಾ ಬೆಳಿಗ್ಗೆ ಕೋಟೆ ಹತ್ತುತ್ತೇನೆ, ಏದುಸಿರಿಲ್ಲ. ಕೇದಾರನಾಥಕ್ಕೆ ನನಗೂ ಇದೆಲ್ಲ ಬೇಕಾ?
– ಓದುಗರು, ಚಿತ್ರದುರ್ಗ

ಬೇಕು. ಕಾಲಿನ ಕಸುವಿಗೂ ಇದಕ್ಕೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವರು ಬೇಗ ಹತ್ತಿಬಿಡುತ್ತಾರೆ, ಅದೇ ಎಡವಟ್ಟು. ಗೌರಿಕುಂಡ ಸುಮಾರು 1,980 ಮೀಟರ್, ಕೇದಾರನಾಥ 3,583. ಹೆಲಿಕಾಪ್ಟರಿನಲ್ಲಿ ಹೋದರೆ ಇನ್ನೂ ಕಷ್ಟ, ಏಕೆಂದರೆ ದೇಹಕ್ಕೆ ನಿಮಿಷಗಳಷ್ಟೇ ಸಿಗುತ್ತವೆ. ಮೇಲೆ ತಲೆನೋವಿನ ಜೊತೆ ವಾಕರಿಕೆ ಬಂದರೆ ದರ್ಶನ ಮುಗಿಸಿ ಅಂದೇ ಇಳಿಯಿರಿ.

ಪ್ರಶ್ನೆ: ಕರ್ಪೂರ ಮೂಸಿದರೆ ಸಾಕಂತೆ, ನಿಜವೇ? ಆಕ್ಸಿಮೀಟರ್ ಒಯ್ಯಬೇಕೇ?
– ಓದುಗರು, ಚನ್ನಗಿರಿ

ಕರ್ಪೂರ ಮೂಗಿಗೆ ತಂಪು, ಅಷ್ಟೇ. ಡಿಯೋಡರೆಂಟ್ ಡಬ್ಬಿಯಂಥ ಆಮ್ಲಜನಕದ ಕ್ಯಾನ್ ಕೆಲವೇ ನಿಮಿಷಕ್ಕೆ ಖಾಲಿ. ಆಕ್ಸಿಮೀಟರ್ ಇರಲಿ, ಆದರೆ ಲೇಹ್‌ನಲ್ಲಿ ಮೊದಲ ದಿನ 85-90 ತೋರಿಸಿದರೆ ಗಾಬರಿ ಬೇಡ. ಚಳಿಗೆ ತಣ್ಣಗಾದ ಬೆರಳು, ಉಗುರುಬಣ್ಣ ಇದ್ದರೆ ಅಂಕಿ ತಪ್ಪುತ್ತದೆ.

ಅದಕ್ಕಿಂತ ಒಳ್ಳೆಯ ಪರೀಕ್ಷೆ ಹೋಟೆಲಿನ ಟೈಲ್ಸ್ ಮೇಲೇ ಇದೆ. ಎರಡು ಟೈಲ್ಸ್ ನಡುವಿನ ಗೆರೆಯ ಮೇಲೆ ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಹತ್ತು ಹೆಜ್ಜೆ ನಡೆಸಿ. ತೂರಾಡಿದರೆ ಮೆದುಳಿನಲ್ಲಿ ಊತವಿರಬಹುದು. ಕೂತಲ್ಲೇ ಉಸಿರು ಕಟ್ಟಿ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಎರಡರಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. ಕೇದಾರನಾಥದಲ್ಲಿ ಕೆಳಗಿಳಿಸುವುದೇ ಮದ್ದು. ಲೇಹ್‌ನಿಂದ ಅದು ಸುಲಭವಲ್ಲ: ಕಾರ್ಗಿಲ್ ಕಡೆ ಇಳಿಯಲು ಹೊರಟರೂ 4,108 ಮೀಟರಿನ ಫೋಟು ಲಾ ಘಾಟಿ ದಾಟಬೇಕು. ಲೇಹ್‌ನಲ್ಲಾದರೆ ನೇರ ಅಲ್ಲಿಯ ಎಸ್‌ಎನ್‌ಎಂ ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಿ.